‘ಗೆದ್ದು ಬೀಗಿದ’ ಅಂದರೆ ಹೊಗಳಿಕೆಯೋ, ಚುಚ್ಚುಮಾತೋ?

ಗಂಗಾವತಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ಅವಳ ಧ್ವನಿ ಅಳುವ ಹಾಗಿತ್ತು. ಮಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 581 ಅಂಕ ತೆಗೆದಿದ್ದ. ಖುಷಿಯಲ್ಲಿ ಅವಳು ಮನೆತನದ ವಾಟ್ಸಾಪ್ ಗ್ರೂಪಿಗೆ ಅವನ ಫೋಟೊ ಹಾಕಿ ಕೆಳಗೆ ಒಂದು ಸಾಲು ಬರೆದಿದ್ದಳು: ‘ಪರೀಕ್ಷೆಯಲ್ಲಿ ಗೆದ್ದು ಬೀಗಿದ ನಮ್ಮ ಮಗ.’ ಅರ್ಧ ಗಂಟೆಯಲ್ಲಿ ಅವಳ ಭಾವ ಗ್ರೂಪ್ ಬಿಟ್ಟು ಹೋದರು. ಅವರ ಮಗನೂ ಅದೇ ಸಲ ಪರೀಕ್ಷೆ ಬರೆದಿದ್ದ. ಎರಡು ವಿಷಯದಲ್ಲಿ ಫೇಲಾಗಿದ್ದ. ನೆಗೆಣ್ಣಿ ಮಾತ್ರ ಒಂದು ಉತ್ತರ ಬರೆದರು: ‘ಬೀಗ್ರಿ, ಬೀಗ್ರಿ. ನಿಮ್ಮ ಟೈಮ್ ಐತಿ.’

‘ಅಕ್ಕಾ, ಪೇಪರ್‌ನ್ಯಾಗ ದಿನಾ ಗೆದ್ದು ಬೀಗಿದ, ಗೆದ್ದು ಬೀಗಿದ ಅಂತ ಬರೀತಾರ. ನಾ ಬರದ್ರ ತಪ್ಪೇನು?’ ಅಂತ ಕೇಳಿದಳು.

ಅವಳ ಪ್ರಶ್ನೆಯಲ್ಲಿ ಹುರುಳಿದೆ. ಪತ್ರಿಕೆಯಲ್ಲಿ ಸಲೀಸಾಗಿ ಓಡುವ ಪದ ಮನೆಯೊಳಗೆ ಬಂದಾಗ ಯಾಕೆ ಚುಚ್ಚುತ್ತದೆ? ಮೊದಲು ಇಂಥ ಸುದ್ದಿಯನ್ನು ಜನ ಕಟ್ಟೆಯ ಮೇಲೆ ಕೂತು ಬಾಯಲ್ಲೇ ಹೇಳುತ್ತಿದ್ದರು. ಹೇಳುವವರ ನಗು, ದನಿ, ಕೈಗೆ ಇಟ್ಟ ಪೇಡೆ ಎಲ್ಲ ಸೇರಿ ಅರ್ಥ ಆಗುತ್ತಿತ್ತು. ಈಗ ಫಲಿತಾಂಶ, ಮದುವೆ, ಹೊಸ ಮನೆ, ಹೊಸ ಗಾಡಿ ಎಲ್ಲವೂ ಫೋನಿನಲ್ಲಿ ಬರೆದ ಒಂದು ಸಾಲಾಗಿ ಬರುತ್ತವೆ. ಆ ಸಾಲಿನಲ್ಲಿ ಪದವೇ ಎಲ್ಲ ಭಾರ ಹೊರಬೇಕು. ಹಾಗಾಗಿ ಬೀಗು ಎಂಬ ಈ ಎರಡಕ್ಷರದ ಪದವನ್ನು ಬಿಚ್ಚಿ ನೋಡೋಣ.

ಮೊದಲು ಇದು ಊತದ ಮಾತು

ಬೀಗು ನಮ್ಮದೇ ಪದ, ಸಂಸ್ಕೃತದಿಂದ ಬಂದದ್ದಲ್ಲ. ಇದರ ಮೊದಲ ಅರ್ಥ ಮನಸ್ಸಿನದಲ್ಲ, ಮೈಯದು. ಊದಿಕೊಳ್ಳುವುದು, ಬಾತುಕೊಳ್ಳುವುದು, ಗಾತ್ರದಲ್ಲಿ ಹೆಚ್ಚುವುದು.

ಇದರ ಒಡಹುಟ್ಟು ತಮಿಳಿನಲ್ಲಿದೆ. ಅಲ್ಲಿ ಅದು ವೀಂಗು. ಕಾಲು ಊದಿಕೊಂಡರೆ ತಮಿಳರು ಇವತ್ತಿಗೂ ಆ ಪದವನ್ನೇ ಬಳಸುತ್ತಾರೆ. ವೀಂಗು ಎಲ್ಲಿ, ಬೀಗು ಎಲ್ಲಿ ಅನಿಸಬಹುದು. ಆದರೆ ಇದರಲ್ಲಿ ಒಂದು ಕ್ರಮ ಇದೆ. ತಮಿಳಿನಲ್ಲಿ ಪದದ ಮೊದಲಿಗೆ ‘ವ’ ಇರುವ ಕಡೆ ನಮ್ಮಲ್ಲಿ ಸಾಮಾನ್ಯವಾಗಿ ‘ಬ’ ಇರುತ್ತದೆ. ಅವರ ವಾ ನಮ್ಮ ಬಾ. ಅವರ ವೇರ್ ನಮ್ಮ ಬೇರು. ಅವರ ವಿಲ್ ನಮ್ಮ ಬಿಲ್ಲು. ದೀರ್ಘ ಸ್ವರದ ಮುಂದೆ ಅವರಲ್ಲಿರುವ ಸೊನ್ನೆ ನಮ್ಮಲ್ಲಿ ಬಿದ್ದುಹೋಗುತ್ತದೆ. ಅವರು ತೂಂಗು ಅನ್ನುವುದನ್ನು ನಾವು ತೂಗು ಅನ್ನುತ್ತೇವೆ. ಹಾಗೆಯೇ ವೀಂಗು, ಬೀಗು.

ಅಂದರೆ ತಮಿಳಿನಲ್ಲಿ ಕಾಲಿಗೆ ಉಳಿದ ಪದ ಕನ್ನಡದಲ್ಲಿ ಎದೆಗೆ ಏರಿದೆ. ಇವತ್ತು ನಾವು ‘ಕಾಲು ಬೀಗಿದೆ’ ಅನ್ನುವುದಿಲ್ಲ. ಕಾಲು ಬಾತಿದೆ, ಊದಿದೆ ಅನ್ನುತ್ತೇವೆ. ಬೀಗುವುದನ್ನು ಮನುಷ್ಯನ ಮನಸ್ಸಿಗೇ ಮೀಸಲಿಟ್ಟಿದ್ದೇವೆ. ಆದರೂ ಪದದೊಳಗೆ ಹಳೆಯ ಊತ ಹಾಗೇ ಕೂತಿದೆ. ಊತ ಎಂದರೆ ಬೆಳವಣಿಗೆ ಅಲ್ಲ, ಅಲ್ವಾ? ನೋಡಲು ದಪ್ಪ, ಒಳಗೆ ನೋವು. ನೆಗೆಣ್ಣಿಗೆ ಆ ಸಾಲು ಓದಿದ ಕೂಡಲೇ ಮುಟ್ಟಿದ್ದು ಈ ಹಳೆಯ ಅರ್ಥವೇ.

ಹಿಗ್ಗು, ಉಬ್ಬು, ಬೀಗು

ಸಂತೋಷಕ್ಕೂ ಗಾತ್ರಕ್ಕೂ ಕನ್ನಡ ಹಾಕಿರುವ ಗಂಟು ಬಹಳ ಸೊಗಸಾದದ್ದು. ಹಿಗ್ಗು, ಉಬ್ಬು, ಬೀಗು ಮೂರೂ ಹಿಗ್ಗಲಿಸುವ, ದೊಡ್ಡದಾಗಿಸುವ ಪದಗಳೇ. ಮೂರೂ ಮನಸ್ಸಿಗೆ ಅನ್ವಯಿಸುತ್ತವೆ. ಆದರೆ ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿ ಇಡಲು ಬರುವುದಿಲ್ಲ. ಯಾಕೆ ಅಂತ ತಿಳಿಯಲು ಅಡುಗೆಮನೆಗೂ ದನದ ಕೊಟ್ಟಿಗೆಗೂ ಹೋಗಿಬಂದರೆ ಸಾಕು.

ರಾತ್ರಿ ಕಡಲೆ ನೆನೆಹಾಕಿ ಮಲಗಿ. ಬೆಳಿಗ್ಗೆ ಪಾತ್ರೆಯ ತುಂಬ ಕಡಲೆ ಹಿಗ್ಗಿರುತ್ತದೆ. ಅದು ನೀರು ಕುಡಿದು ದೊಡ್ಡದಾಗಿದೆ. ಒಳಗೆ ತಿರುಳಿದೆ. ಒತ್ತಿದರೆ ಮೆತ್ತಗಿದೆ. ಇನ್ನೊಂದು ದಿನ ಬಿಟ್ಟರೆ ಮೊಳಕೆಯೂ ಬರುತ್ತದೆ. ಮನಸ್ಸು ಹಿಗ್ಗುವುದು ಹೀಗೆ. ಮಗಳು ರಜೆಗೆ ಊರಿಗೆ ಬಂದಳೆಂದು ತಾಯಿ ಹಿಗ್ಗುತ್ತಾಳೆ. ಮಳೆ ಬಂತೆಂದು ರೈತ ಹಿಗ್ಗುತ್ತಾನೆ. ಹಿಗ್ಗಿದವರ ಹತ್ತಿರ ಹೋಗಲು ಯಾರಿಗೂ ಅಂಜಿಕೆ ಇಲ್ಲ. ಹಿಗ್ಗು ಹಂಚಿಕೊಳ್ಳಲು ಬರುತ್ತದೆ.

ಪೂರಿ ಬಾಣಲೆಯಲ್ಲಿ ಉಬ್ಬುತ್ತದೆ. ಒಳಗೆ ಇರುವುದು ಹಬೆ. ಅದು ತಾನಾಗಿ ಉಬ್ಬಿದ್ದಲ್ಲ, ಸುತ್ತ ಕಾದ ಎಣ್ಣೆ ಉಬ್ಬಿಸಿದ್ದು. ಬೆರಳು ತಾಗಿಸಿದರೆ ಕುಸಿಯುತ್ತದೆ. ಮನುಷ್ಯನ ಉಬ್ಬು ಕೂಡ ಬಹುಪಾಲು ಬೇರೆಯವರ ಕೆಲಸ. ‘ಅವನನ್ನು ಉಬ್ಬಿಸಿ ಉಬ್ಬಿಸಿ ಎಲ್ಲ ಖರ್ಚು ಅವನ ಕೈಲೇ ಮಾಡಿಸಿದರು’ ಅಂತ ಹೇಳುತ್ತೇವೆ. ಉಬ್ಬಿಸು ಎಂಬ ಪದ ಇಷ್ಟು ಸಲೀಸಾಗಿ ಬರುತ್ತದೆ. ಬೀಗಿಸು ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಒಬ್ಬರನ್ನು ಇನ್ನೊಬ್ಬರು ಉಬ್ಬಿಸಬಹುದು. ಬೀಗುವ ಕೆಲಸವನ್ನು ಅವರೇ ಮಾಡಬೇಕು. ಪದದ ರೂಪವೇ ಇದನ್ನು ಹೇಳುತ್ತಿದೆ ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ಬೀಗು. ಎತ್ತೋ ಆಕಳೋ ಮಳೆಗಾಲದ ಹಸಿ ಮೇವನ್ನು ಒಮ್ಮೆಗೇ ಜಾಸ್ತಿ ತಿಂದರೆ ಹೊಟ್ಟೆಯುಬ್ಬರ ಬರುತ್ತದೆ. ಒಳಗೆ ಹುಟ್ಟಿದ ಗಾಳಿ ಹೊರಗೆ ಬರಲು ದಾರಿ ಸಿಗದೆ ಎಡಗಡೆಯ ಹೊಟ್ಟೆ ಬಿಗಿಯುತ್ತದೆ. ತಟ್ಟಿದರೆ ಡೊಳ್ಳಿನ ಸದ್ದು. ದೂರದಿಂದ ನೋಡಿದವರಿಗೆ ದನ ಹೊಟ್ಟೆ ತುಂಬ ತಿಂದು ದಷ್ಟಪುಷ್ಟವಾಗಿ ನಿಂತಂತೆ ಕಾಣುತ್ತದೆ. ಆದರೆ ಅದು ಮೇವು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ. ಬೀಗಿದ ಮನಸ್ಸಿನ ಗುರುತೂ ಇದೇ. ನಾನು ತುಂಬಿದ್ದೇನೆ ಎಂಬ ಭಾವ ಎಷ್ಟು ಬಿಗಿಯಾಗಿರುತ್ತದೆ ಎಂದರೆ ಹೊಸದೇನೂ ಒಳಗೆ ಹೋಗುವುದಿಲ್ಲ. ಯಾರಾದರೂ ಒಂದು ತಿದ್ದುಪಡಿ ಹೇಳಿದರೆ ಅರ್ಧ ನಗು. ಬೇರೆಯವರ ಕೆಲಸ ತೋರಿಸಿದರೆ ‘ಹ್ಞೂಂ, ಇರಲಿ’ ಎಂಬ ಮುಖ. ಗದ್ದ ಸ್ವಲ್ಪ ಮೇಲೆ, ಕಣ್ಣು ಅರ್ಧ ಮುಚ್ಚಿದ ಹಾಗೆ. ಮಾತೇ ಬೇಕಿಲ್ಲ.

‘ಏನ್ ಬೀಗಾಕತ್ಯಾನ ನೋಡು’ ಎಂದು ಕೊಪ್ಪಳದ ಕಡೆ ಯಾರಾದರೂ ಹೇಳಿದರೆ, ಅವರು ನೋಡುತ್ತಿರುವುದು ಆ ಮುಖವನ್ನೇ.

ಹೆಮ್ಮೆಗೂ ಬೀಗುವುದಕ್ಕೂ ಗೆರೆ ಎಲ್ಲಿ?

ತೊಡಕು ಹೆಚ್ಚಾಗುವುದು ಇಲ್ಲೇ. ಹೆಮ್ಮೆಯೂ ತನ್ನ ಬಗ್ಗೆ ಸಂತೋಷ, ಬೀಗುವುದೂ ತನ್ನ ಬಗ್ಗೆ ಸಂತೋಷ. ಹಾಗಾದರೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಹೇಗಾಯಿತು?

ನಮ್ಮ ಊರಿನ ಒಂದು ಉದಾಹರಣೆ ಕೊಡುತ್ತೇನೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ. ಅದರಲ್ಲಿ ಕನ್ನಡದ ತಿರುಳು ಯಾವ ಸೀಮೆಯದು ಎಂದು ಹೇಳುವಾಗ ನಾಲ್ಕು ಊರುಗಳ ಹೆಸರು ಬರುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವುಗಳ ನಡುವಿನ ನಾಡೇ ಕನ್ನಡದ ತಿರುಳು ಎನ್ನುತ್ತದೆ ಆ ಗ್ರಂಥ. ಕಿಸುವೊಳಲು ಇವತ್ತಿನ ಪಟ್ಟದಕಲ್ಲು. ಪುಲಿಗೆರೆ ಇವತ್ತಿನ ಲಕ್ಷ್ಮೇಶ್ವರ. ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ಕೊಪಣ ನಮ್ಮ ಕೊಪ್ಪಳ.

ಕೊಪ್ಪಳದ ಒಬ್ಬ ಮೇಷ್ಟ್ರು ಮಕ್ಕಳಿಗೆ ಇದನ್ನು ಹೇಳಿ, ‘ನಿಮ್ಮ ಮನೆಮಾತನ್ನು ನಾಚಿಕೊಂಡು ಮುಚ್ಚಿಡಬೇಡಿ, ಇದಕ್ಕೆ ಅಷ್ಟು ಹಳೆಯ ಗೌರವ ಇದೆ’ ಎಂದರೆ ಅದು ಹೆಮ್ಮೆ. ಅದೇ ಮಾತನ್ನು ಹಿಡಿದು ಒಬ್ಬ ಮೈಸೂರಿನವನ ಮುಂದೆ, ‘ನಮ್ದು ತಿರುಳ್ಗನ್ನಡ. ನಿಮ್ದೂ ಒಂದು ಕನ್ನಡ ಏನು?’ ಎಂದರೆ ಅದು ಬೀಗುವುದು. ಸಂಗತಿ ಒಂದೇ, ಸತ್ಯವೂ ಒಂದೇ. ಬದಲಾದದ್ದು ಎದುರಿಗಿದ್ದವನ ಜಾಗ. ಮೊದಲನೆಯದರಲ್ಲಿ ಎದುರಿನವರು ಎತ್ತರ ಆದರು. ಎರಡನೆಯದರಲ್ಲಿ ಎದುರಿನವನು ಗಿಡ್ಡ ಆಗಬೇಕಾಯಿತು.

ಜೊತೆಗೆ ಬರುವ ಪದಗಳೂ ಈ ಗುಟ್ಟನ್ನು ಹೇಳುತ್ತವೆ. ಹೆಮ್ಮೆಯ ಹಿಂದೆ ಸಾಮಾನ್ಯವಾಗಿ ‘ಬಗ್ಗೆ’ ಬರುತ್ತದೆ. ಮಗನ ಬಗ್ಗೆ ಹೆಮ್ಮೆ, ಊರಿನ ಬಗ್ಗೆ ಹೆಮ್ಮೆ. ಬೀಗುವುದರ ಹಿಂದೆ ‘ಮುಂದೆ’ ಬರುತ್ತದೆ. ನಮ್ಮ ಮುಂದೆ ಬೀಗಿದ, ಊರ ಮುಂದೆ ಬೀಗಿದ. ಹೆಮ್ಮೆಗೆ ಒಂದು ಕಾರಣ ಸಾಕು. ಬೀಗಲು ನೋಡುವವರೂ ಬೇಕು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಪದವನ್ನು ‘ನಾನು’ ಜೊತೆ ಸೇರಿಸಿ ನೋಡಿ. ‘ನನಗೆ ಹೆಮ್ಮೆಯಾಗುತ್ತಿದೆ’ ಎಂದು ಯಾರು ಬೇಕಾದರೂ ಹೇಳಬಹುದು. ‘ನಾನು ಹಿಗ್ಗಿದೆ’ ಅನ್ನಬಹುದು. ‘ನಾನೀಗ ಬೀಗುತ್ತಿದ್ದೇನೆ’ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಆ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ, ಆದರೂ ಬಾಯಿಗೆ ಬರುವುದಿಲ್ಲ. ಬೀಗುವುದು ಹೊರಗಿನವರಿಗೆ ಕಾಣುವ ಗುಣ. ಬೀಗುವವರಿಗೆ ಅದು ಹೆಮ್ಮೆ ಅಂತಲೇ ಅನಿಸುತ್ತಿರುತ್ತದೆ. ವರ್ಷಗಳಾದ ಮೇಲೆ ಹಿಂತಿರುಗಿ ನೋಡಿದಾಗ ಮಾತ್ರ ‘ಆಗ ನಾನು ಬೀಗಿದ್ದೆ’ ಎಂಬ ಮಾತು ಬರುತ್ತದೆ.

ನನಗೂ ಬಂದಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಒಂದು ಕಪ್ ಗೆದ್ದಿದ್ದೆ. ನನಗೆ ಭಾಷಣ ತಿದ್ದಿಕೊಟ್ಟ ಗೆಳತಿಯೇ ಎರಡನೆಯವಳಾಗಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಪಕ್ಕದಲ್ಲಿ ಅವಳಿದ್ದಳು. ಅವಳ ಹತ್ತಿರ ಒಂದು ಮಾತು ಆಡಲಿಲ್ಲ. ಆ ದಿನ ಅದು ಹೆಮ್ಮೆ ಅಂತಲೇ ತಿಳಿದಿದ್ದೆ.

ತಂಗಿಯ ಸಾಲಿಗೆ ಈಗ ಮರಳಬಹುದು. ಅವಳು ‘ಬೀಗಿದ’ ಎಂದು ಬರೆದದ್ದು ತನ್ನ ಮಗನನ್ನು ಕುರಿತು. ಆದರೆ ಮನೆತನದ ಗ್ರೂಪಿನಲ್ಲಿ ‘ಯಾರ ಮುಂದೆ ಬೀಗಿದ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅಲ್ಲಿ ಪರೀಕ್ಷೆ ಬರೆದ ಇನ್ನೊಬ್ಬ ಹುಡುಗ ಒಬ್ಬನೇ. ಪದ ತಾನೇ ಹೋಗಿ ಅವನ ಮುಂದೆ ನಿಂತಿತು.

ಹಾಗಾದರೆ ಪತ್ರಿಕೆಯಲ್ಲಿ ಯಾಕೆ ನಡೆಯುತ್ತದೆ?

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಮಹಿಳಾ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಏಕದಿನ ವಿಶ್ವಕಪ್ ಎತ್ತಿತು. ‘ಗೆದ್ದು ಬೀಗಿದ ವನಿತೆಯರು’ ಎಂದು ಇದಕ್ಕೆ ತಲೆಬರಹ ಕೊಟ್ಟರೆ ಓದುಗರು ಹುಬ್ಬು ಗಂಟಿಕ್ಕುವುದಿಲ್ಲ. ಆಟಗಾರ್ತಿಯರು ಸೊಕ್ಕಿದರು ಎಂಬ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಎದೆಯುಬ್ಬಿಸಿ ನಿಂತರು, ಗೆಲುವನ್ನು ಮನಸಾರೆ ಅನುಭವಿಸಿದರು ಎಂದಷ್ಟೇ ಅರ್ಥ.

ಕಾರಣ ಸರಳ. ಆಟದಲ್ಲಿ ಗೆಲ್ಲುವವರು, ಸೋಲುವವರು ಇದ್ದೇ ಇರಬೇಕು, ಅದು ಒಪ್ಪಿಕೊಂಡು ಕಣಕ್ಕಿಳಿದ ಮಾತು. ಹೇಳುವವನು ಮೂರನೆಯವನು, ಗೆದ್ದವರ ಮನೆಯವನಲ್ಲ. ಸೋತವರು ಆ ಕನ್ನಡ ಪತ್ರಿಕೆ ಓದುವುದಿಲ್ಲ. ಜೊತೆಗೆ ತಲೆಬರಹಕ್ಕೆ ಗಿಡ್ಡ ಪದ ಬೇಕು. ‘ಹೆಮ್ಮೆಯಿಂದ ಸಂಭ್ರಮಿಸಿದ’ ಎನ್ನುವ ಜಾಗದಲ್ಲಿ ‘ಬೀಗಿದ’ ಎಂಬ ಮೂರಕ್ಷರ ಸಾಕು. ಹೀಗೆ ದಿನಾ ಬಳಸಿ ಬಳಸಿ ಪತ್ರಿಕೆಯ ಭಾಷೆಯಲ್ಲಿ ಪದದ ಮೊನೆ ಸವೆದಿದೆ. ಮನೆಮಾತಿನಲ್ಲಿ ಅದು ಹಾಗೇ ಚೂಪಾಗಿದೆ. ನನ್ನ ತಂಗಿ ಸವೆದ ಪದ ಎಂದುಕೊಂಡು ಎತ್ತಿದಳು, ಓದಿದವರ ಕೈಗೆ ಚೂಪಾದದ್ದು ತಾಗಿತು.

ನಮ್ಮ ಕಡೆಯ ನೆರೆಹೊರೆ ಪದಗಳು

ಬೀಗುವುದರ ಸುತ್ತ ನಮ್ಮ ಮೂರು ಜಿಲ್ಲೆಗಳಲ್ಲಿ ಓಡಾಡುವ ಪದಗಳು ಬಹಳ. ಇವು ಎಲ್ಲಿಂದ ಬಂದವು ಎಂಬುದರಲ್ಲಿ ಈ ಸೀಮೆಯ ಚರಿತ್ರೆಯೂ ಇದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರಲ್ಲಿ ಮೈಸೂರಿಗೆ ಬಂತು. ಹಾಗಾಗಿ ಒಂದು ಕಡೆಯಿಂದ ಉರ್ದು, ಇನ್ನೊಂದು ಕಡೆಯಿಂದ ತೆಲುಗು.

ಧಿಮಾಕು ಉರ್ದುವಿನ ದಿಮಾಗ್. ಅಲ್ಲಿ ಅದು ಮೊದಲಿಗೆ ಮಿದುಳು, ಬುದ್ಧಿ; ಗರ್ವ ಎಂಬ ಅರ್ಥವೂ ಇದೆ. ನಮ್ಮಲ್ಲಿ ತಲೆಗೇರಿದ ಗರ್ವ ಎಂಬುದಷ್ಟೇ ಉಳಿದಿದೆ. ಮಗ್ರೂರಿ ಕೂಡ ಉರ್ದುವಿನ ದಾರಿಯಲ್ಲಿ ಬಂದದ್ದು, ಅದರಲ್ಲಿ ಯಾರನ್ನೂ ಲೆಕ್ಕಕ್ಕೆ ಇಡದ ಧೋರಣೆ ಇದೆ. ಪೊಗರು ಅಂದರೆ ತೆಲುಗು ಮನೆಗಳಲ್ಲೂ ಕನ್ನಡ ಮನೆಗಳಲ್ಲೂ ಒಟ್ಟಿಗೆ ಅರ್ಥವಾಗುತ್ತದೆ.

ಇವುಗಳ ನಡುವೆ ತೂಕದ ವ್ಯತ್ಯಾಸ ಇದೆ. ಗತ್ತು ಅಷ್ಟೇನೂ ಕೆಟ್ಟದ್ದಲ್ಲ, ನಡಿಗೆಯಲ್ಲಿ, ನಿಲುವಿನಲ್ಲಿ ಕಾಣುವ ಜೋರು. ಕೆಲವೊಮ್ಮೆ ಮೆಚ್ಚುಗೆಯಿಂದಲೂ ಹೇಳುತ್ತೇವೆ. ಜಂಬ ಹಗುರ, ಮಕ್ಕಳಿಗೂ ಹೇಳಬಹುದು: ‘ಹೊಸ ಸೈಕಲ್ ಬಂತಂತ ಜಂಬ ನೋಡು ಇವನಿಗೆ.’ ಡೌಲಿನಲ್ಲಿ ತೋರಿಕೆ ಜಾಸ್ತಿ, ಬಟ್ಟೆಬರೆ, ಖರ್ಚುವೆಚ್ಚದಲ್ಲಿ ಕಾಣುವಂಥದ್ದು. ಸೊಕ್ಕು ಭಾರದ ಪದ. ‘ಸೊಕ್ಕು ಬಂದೈತಿ’ ಅಂದರೆ ಜಗಳ ಶುರುವಾದ ಹಾಗೆ. ಹಮ್ಮು ಒಳಗಿನದು, ‘ನಾನು’ ಎಂಬ ಭಾವ. ವಚನಕಾರರ ಕಾಲದಿಂದ ನಮ್ಮ ಜೊತೆಗಿರುವ ಪದ.

ಬೀಗು ಇವೆಲ್ಲದರ ನಡುವೆ ಒಂದು ವಿಶೇಷದಿಂದ ಬೇರೆಯಾಗಿ ನಿಲ್ಲುತ್ತದೆ. ಸೊಕ್ಕು, ಧಿಮಾಕು ಒಬ್ಬರಲ್ಲಿ ಕಾರಣವಿಲ್ಲದೆಯೂ ಇರಬಹುದು. ಬೀಗಲು ಏನಾದರೂ ಕೈಗೆ ಸಿಕ್ಕಿರಬೇಕು: ಗೆಲುವು, ಅಂಕ, ಹಣ, ಹೊಗಳಿಕೆ. ಏನೂ ಇಲ್ಲದವನು ಸೊಕ್ಕಬಹುದು, ಬೀಗಲು ಬರುವುದಿಲ್ಲ.

ಸದ್ದಿಲ್ಲದ ಬೀಗು

ಇಂಗ್ಲಿಷ್ ಮಾಧ್ಯಮದ ಮಕ್ಕಳು ‘ಸ್ಮಗ್’ ಎಂಬ ಪದಕ್ಕೆ ಕನ್ನಡ ಏನು ಎಂದು ಕೇಳುತ್ತಾರೆ. 16ನೇ ಶತಮಾನದಲ್ಲಿ ಆ ಪದಕ್ಕೆ ಅಚ್ಚುಕಟ್ಟಾದ, ನೀಟಾದ ಎಂಬ ಅರ್ಥವಿತ್ತು. ಆಮೇಲೆ ‘ನನಗೆ ನಾನೇ ಸರಿ’ ಎಂಬ ಮುಖಭಾವಕ್ಕೆ ಅಂಟಿಕೊಂಡಿತು. ಇದಕ್ಕೆ ಹತ್ತಿರದ ಕನ್ನಡ ಬೀಗು ಎಂಬುದೇ ನನ್ನ ಅಭಿಪ್ರಾಯ. ನಿಘಂಟುಗಳಲ್ಲಿ ಸಿಗುವ ಆತ್ಮತೃಪ್ತಿ, ಸ್ವಯಂತೃಪ್ತಿ ಎಂಬ ಪದಗಳು ಸಾಲುವುದಿಲ್ಲ. ಯಾಕೆಂದರೆ ತೃಪ್ತಿ ಕನ್ನಡದಲ್ಲಿ ಒಳ್ಳೆಯ ಪದ. ಊಟ ತೃಪ್ತಿಯಾಯಿತು, ಕೆಲಸ ತೃಪ್ತಿ ಕೊಟ್ಟಿತು ಎಂದಾಗ ಅದರಲ್ಲಿ ಬಾತುಕೊಂಡದ್ದೇನೂ ಇಲ್ಲ. ‘ಅವರು ಆತ್ಮತೃಪ್ತಿಯಿಂದ ಇದ್ದಾರೆ’ ಎಂದರೆ ಕೇಳಿದವರು ಹೊಗಳಿಕೆ ಎಂದೇ ತಿಳಿಯುತ್ತಾರೆ.

ಆದರೆ ಯಾರ ಮುಂದೆಯೂ ಮೆರೆಯದೆ, ಎಲ್ಲ ಸರಿಯಾಗಿದೆ ಎಂದು ಸುಮ್ಮನೆ ಕೂರುವ ಭಾವಕ್ಕೆ ಕನ್ನಡದಲ್ಲಿ ಬೇರೆ ಪದ ಇದೆ: ಮೈಮರೆವು. ಗೆಲುವಿನ ಅಂಚಿಗೆ ಬಂದ ತಂಡ ಸೋತರೆ ‘ಮೈಮರೆತರು’ ಅನ್ನುತ್ತೇವೆ. ಅಲ್ಲಿ ತೋರಿಕೆ ಇಲ್ಲ, ಎಚ್ಚರ ತಪ್ಪುವುದಷ್ಟೇ ಇದೆ.

ತೃಪ್ತಿ ಇದ್ದೂ ಎಚ್ಚರ ಇರುವುದು ಹೇಗೆ ಎಂಬುದಕ್ಕೆ ತುಂಗಭದ್ರೆಯ ದಂಡೆಯವರ ಮಾತನ್ನೇ ಕೇಳಬೇಕು. ಮುನಿರಾಬಾದ್–ಹೊಸಪೇಟೆ ನಡುವಿನ ನಮ್ಮ ಡ್ಯಾಂಗೆ 33 ಕ್ರಸ್ಟ್ ಗೇಟುಗಳು. ಮಳೆಗಾಲದಲ್ಲಿ ‘ಡ್ಯಾಂ ತುಂಬಿತಂತ’ ಎಂಬ ಸುದ್ದಿ ಬಂದರೆ ನಾಲ್ಕು ಜಿಲ್ಲೆಗಳು ಹಿಗ್ಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಡ್ಯಾಂನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸುವವರೆಗೆ ರೈತರು ನಿದ್ದೆ ಮಾಡಲಿಲ್ಲ. ಆಮೇಲಿಂದ ನಮ್ಮ ಕಡೆ ‘ಡ್ಯಾಂ ತುಂಬಿತು’ ಎಂಬ ಮಾತಿನ ಬೆನ್ನಿಗೇ ‘ಗೇಟು ಗಟ್ಟಿ ಅದಾವಿಲ್ಲೋ?’ ಎಂಬ ಪ್ರಶ್ನೆಯೂ ಬರುತ್ತದೆ. ಮೊದಲ ಮಾತು ಹಿಗ್ಗಿನದು, ಎರಡನೆಯದು ಎಚ್ಚರದ್ದು. ಎರಡೂ ಒಂದೇ ಬಾಯಲ್ಲಿ ಇರಲು ಸಾಧ್ಯ.

ಬರೆಯುವಾಗ

ಬೀಗು ಕ್ರಿಯಾಪದವಾದ್ದರಿಂದ ಬೀಗುತ್ತಾನೆ, ಬೀಗಿದಳು, ಬೀಗಬೇಡ ಎಂದು ಸಲೀಸಾಗಿ ನಡೆಯುತ್ತದೆ. ಕಾರಣ ಹೇಳಬೇಕಾದರೆ ‘ಇಂದ’ ಸೇರಿಸಿ: ಗೆಲುವಿನಿಂದ ಬೀಗಿದ. ಅವನ ಮನಸ್ಸಿನ ಮಾತು ಹೇಳಬೇಕಾದರೆ ‘ಎಂದು’ ಸೇರಿಸಿ: ತನಗಿಂತ ಜಾಣರಿಲ್ಲ ಎಂದು ಬೀಗಿದ. ಎರಡನೆಯ ರೂಪದಲ್ಲಿ ಹೊಗಳಿಕೆಗೆ ಜಾಗವೇ ಇಲ್ಲ. ಮೊದಲನೆಯದು ಸಂದರ್ಭ ನೋಡಿ ಎರಡೂ ಕಡೆ ವಾಲುತ್ತದೆ. ಮನೆಯವರ, ಗೆಳೆಯರ ಸಂತೋಷದ ಸುದ್ದಿಗೆ ಹಿಗ್ಗು, ಹೆಮ್ಮೆ, ಸಂಭ್ರಮ ಇವುಗಳಲ್ಲಿ ಯಾವುದಾದರೂ ಸಾಕು. ತಂಗಿ ಕೊನೆಗೆ ಆ ಸಾಲು ಅಳಿಸಿ ‘ಮಗ ಪಾಸಾದ, ಎಲ್ಲರ ಆಶೀರ್ವಾದ’ ಎಂದು ಹಾಕಿದಳು. ಮರುದಿನ ಪೇಡೆಯ ಡಬ್ಬಿ ಹಿಡಿದು ಭಾವನ ಮನೆಗೆ ಹೋಗಿ, ಆ ಹುಡುಗನಿಗೆ ಮುಂದಿನ ಪರೀಕ್ಷೆಗೆ ತನ್ನ ಮಗನ ನೋಟ್ಸ್ ಕೊಟ್ಟು ಬಂದಳು.

ಕಾಗುಣಿತದ ಒಂದು ಎಚ್ಚರ ಬೇಕು. ಬಾಗಿಲಿಗೆ ಹಾಕುವ ಬೀಗ, ಮದುವೆಯಿಂದ ಆಗುವ ಬೀಗರು, ಈ ಬೀಗು ಮೂರರಲ್ಲೂ ‘ಬೀ’ ದೀರ್ಘ. ಕೇಳಲು ಹತ್ತಿರ, ಬಳಕೆಯಲ್ಲಿ ಮಾತ್ರ ಬೇರೆ ಬೇರೆ. ಬಿಗುಮಾನ ಎಂಬ ಪದದಲ್ಲಿ ‘ಬಿ’ ಹ್ರಸ್ವ. ಅದು ಬಿಗಿ ಎಂಬುದರ ಕಡೆಯದು, ಸಂಕೋಚದಿಂದಲೋ ಗಾಂಭೀರ್ಯದಿಂದಲೋ ದೂರ ಉಳಿಯುವುದು. ‘ಮದುಮಗಳ ಕಡೆಯವರು ಬಿಗುಮಾನದಲ್ಲಿದ್ದರು’ ಎಂದರೆ ಅವರು ಮಾತಾಡಲಿಲ್ಲ ಎಂದರ್ಥ. ‘ಬೀಗುತ್ತಿದ್ದರು’ ಎಂದರೆ ತಮ್ಮ ಮಗಳ ನೌಕರಿ, ಸಂಬಳದ ಮಾತು ಮುಗಿಸಲೇ ಇಲ್ಲ ಎಂದರ್ಥ.